ಶೀಟ್ ಎಲ್ಲಿ ತೆಳುವಾಗುತ್ತದೆ? ಥರ್ಮೋಫಾರ್ಮಿಂಗ್‌ನಲ್ಲಿ ಅಚ್ಚು, ವಿಧಾನ, ಪ್ಲಾಸ್ಟಿಕ್ ಆರಿಸುವ ಬಗೆ

ಥರ್ಮೋಫಾರ್ಮಿಂಗ್‌ನಲ್ಲಿ, ಅಂದರೆ ಪ್ಲಾಸ್ಟಿಕ್ ಶೀಟನ್ನು ಕಾಯಿಸಿ ಅಚ್ಚಿಗೆ ಎಳೆಯುವಾಗ, ಹೊಸ ಪ್ಲಾಸ್ಟಿಕ್ ಎಲ್ಲಿಂದಲೂ ಬಂದು ಸೇರುವುದಿಲ್ಲ. ಕ್ಲ್ಯಾಂಪ್ ಫ್ರೇಮಿನೊಳಗೆ ಎಷ್ಟಿತ್ತೋ ಅಷ್ಟೇ ಹಿಗ್ಗಿ ಇಡೀ ಆಕಾರವನ್ನು ಹೊದಿಯಬೇಕು. ಕರಗಿಸಿದ ಪ್ಲಾಸ್ಟಿಕ್ಕನ್ನು ಅಚ್ಚಿನೊಳಗೆ ಒತ್ತಿ ತುಂಬುವ ಇಂಜೆಕ್ಷನ್ ಮೋಲ್ಡಿಂಗ್‌ನಲ್ಲಿ ಗೋಡೆ ಎಷ್ಟು ದಪ್ಪ ಇರಬೇಕೆಂದು ಅಚ್ಚೇ ಹೇಳುತ್ತದೆ. ಇಲ್ಲಿ ಹೇಳುವುದು ಹಿಗ್ಗು. ಆದ್ದರಿಂದ ಗಾಳಿ ಹೀರುವ ವ್ಯಾಕ್ಯೂಮ್ ಸಾಕೋ ಮೇಲಿನಿಂದ ಗಾಳಿ ಒತ್ತುವ ಪ್ರೆಷರ್ ಬೇಕೋ, ಎಬಿಎಸ್ ಪ್ಲಾಸ್ಟಿಕ್ ಹಾಕಬೇಕೋ ಎಚ್‌ಡಿಪಿಇ ಹಾಕಬೇಕೋ ಎಂದು ಚರ್ಚೆಗೆ ಕೂರುವ ಮೊದಲು ಎರಡು ಪ್ರಶ್ನೆಗೆ ಉತ್ತರ ಕೈಯಲ್ಲಿರಬೇಕು. ಪಾರ್ಟಿನ ಅತಿ ತೆಳುವಾದ ಮೂಲೆಯಲ್ಲಿ ಎಷ್ಟು ದಪ್ಪ ಉಳಿದರೆ ಸಾಕು? ಪಾರ್ಟಿನ ಯಾವ ಮೈ ಹೊರಗೆ ಕಾಣುತ್ತದೆ? ಇವೆರಡು ಗೊತ್ತಿದ್ದರೆ ಮುಕ್ಕಾಲು ಆಯ್ಕೆ ತಾನಾಗಿಯೇ ಆಗಿಬಿಡುತ್ತದೆ. ಗೊತ್ತಿಲ್ಲದೆ ಮಷೀನಿನ ಕ್ಯಾಟಲಾಗಿನಿಂದ ಶುರು ಮಾಡಿದವರು ಅಚ್ಚನ್ನು ಎರಡು ಸಲ ಮಾಡಿಸುತ್ತಾರೆ.

ಮೊದಲು ಒಂದು ಲೆಕ್ಕ

ಬಾಯಿ 300 × 200 ಮಿ.ಮೀ., ಆಳ 100 ಮಿ.ಮೀ. ಇರುವ ಒಂದು ಟ್ರೇ ತೆಗೆದುಕೊಳ್ಳಿ. ಬಾಯಿಯ ವಿಸ್ತೀರ್ಣ 60,000 ಚದರ ಮಿ.ಮೀ. ತಳವೂ ಅಷ್ಟೇ. ನಾಲ್ಕು ಗೋಡೆ ಸೇರಿ 1,00,000. ಅಂದರೆ 60,000 ಚದರ ಮಿ.ಮೀ. ಶೀಟ್ ಹಿಗ್ಗಿ 1,60,000 ಚದರ ಮಿ.ಮೀ. ಆಗಬೇಕು, ಸುಮಾರು 2.67 ಪಟ್ಟು. 3 ಮಿ.ಮೀ. ಶೀಟ್ ಹಾಕಿದರೆ ಸರಾಸರಿ ಉಳಿಯುವುದು 1.1 ಮಿ.ಮೀ. ಚಿಲ್ಲರೆ. ಅದು ಸರಾಸರಿ ಮಾತ್ರ. ಶೀಟನ್ನು ಮೊದಲೇ ಒಳಕ್ಕೆ ತಳ್ಳುವ ಪ್ಲಗ್ ಇಲ್ಲದೆ ತಗ್ಗು ಅಚ್ಚಿನೊಳಗೆ ಎಳೆದರೆ ತಳದ ನಾಲ್ಕು ಮೂಲೆಗಳು ಸರಾಸರಿಯ ಅರ್ಧಕ್ಕಿಂತ ಕೆಳಗಿಳಿಯುವುದು ಮಾಮೂಲು. ಅಲ್ಲಿ ಅರ್ಧ ಮಿ.ಮೀ. ಸಿಕ್ಕರೆ ಹೆಚ್ಚು. ಕೈಯಿಂದ ಒತ್ತಿದರೆ ಒಳಕ್ಕೆ ಹೋಗುವ ಮೂಲೆ ಅದು.

ಅದೇ ಟ್ರೇ 50 ಮಿ.ಮೀ. ಆಳವಿದ್ದರೆ ಹಿಗ್ಗು 1.83 ಪಟ್ಟು, ಸರಾಸರಿ ದಪ್ಪ 1.6 ಮಿ.ಮೀ. ದಾಟುತ್ತದೆ. ಆಳ ಅರ್ಧವಾದಾಗ ಸಮಸ್ಯೆಯ ಸ್ವರೂಪವೇ ಬದಲಾಯಿತು. ಡಿಸೈನ್ ಮಾಡುವವರ ಜೊತೆ ಕೂತು ಆಳವನ್ನು 10 ಮಿ.ಮೀ. ಕಡಿಮೆ ಮಾಡಿಸುವುದು ದಪ್ಪ ಶೀಟ್ ಕೊಳ್ಳುವುದಕ್ಕಿಂತ ಬಹಳ ಸಲ ಅಗ್ಗ. ದಪ್ಪ ಶೀಟೆಂದರೆ ತೂಕ ಮಾತ್ರ ಏರುವುದಿಲ್ಲ, ಕಾಯುವ ಹೊತ್ತೂ ಆರುವ ಹೊತ್ತೂ ಏರುತ್ತವೆ.

ಈ ಲೆಕ್ಕದಲ್ಲಿ ಒಂದು ಎಚ್ಚರಿಕೆ ಬೇಕು. ತಗ್ಗು ಅಚ್ಚಿನಲ್ಲಿ ಬಾಯಿಯ ಅಂಚಿಗೆ ಶೀಟ್ ಅಂಟಿ ನಿಂತುಬಿಡುವುದರಿಂದ ಬಾಯಿಯ ವಿಸ್ತೀರ್ಣವನ್ನಷ್ಟೇ ಹಿಡಿದರೆ ಸರಿ. ಉಬ್ಬು ಅಚ್ಚಾದರೆ ಅಚ್ಚಿಗೂ ಫ್ರೇಮಿಗೂ ನಡುವೆ ಇರುವ ಶೀಟೂ ಹಿಗ್ಗಿನಲ್ಲಿ ಪಾಲುಗೊಳ್ಳುತ್ತದೆ. ಆಗ ಫ್ರೇಮಿನ ಒಳಗಿನ ಪೂರ್ತಿ ವಿಸ್ತೀರ್ಣ ಒಂದು ಕಡೆ, ಅಚ್ಚು ಮತ್ತು ಅದರ ಸುತ್ತಲಿನ ಬಯಲು ಸೇರಿದ ವಿಸ್ತೀರ್ಣ ಇನ್ನೊಂದು ಕಡೆ ಇಟ್ಟು ಲೆಕ್ಕ ಹಾಕಬೇಕು.

ಉಬ್ಬು ಅಚ್ಚೋ, ತಗ್ಗು ಅಚ್ಚೋ

ಶೀಟ್ ಮೊದಲು ಎಲ್ಲಿ ಅಚ್ಚನ್ನು ಮುಟ್ಟುತ್ತದೋ ಅಲ್ಲಿ ಆರಿ ಗಟ್ಟಿಯಾಗುತ್ತದೆ, ಆಮೇಲೆ ಅಲ್ಲಿ ಹಿಗ್ಗುವುದಿಲ್ಲ. ಕೊನೆಗೆ ಎಲ್ಲಿ ಮುಟ್ಟುತ್ತದೋ ಅಲ್ಲಿ ಅತಿ ತೆಳು. ಇಷ್ಟು ನೆನಪಿದ್ದರೆ ಎರಡು ಅಚ್ಚುಗಳ ಗುಣ ಬಾಯಿಪಾಠ ಮಾಡಬೇಕಿಲ್ಲ. ಕಾರ್ಖಾನೆಯಲ್ಲಿ ಮೇಲ್ ಮೋಲ್ಡ್ ಎನ್ನುವ ಉಬ್ಬು ಅಚ್ಚಿನಲ್ಲಿ ನೆತ್ತಿ ಮೊದಲು ಮುಟ್ಟುತ್ತದೆ, ಹಾಗಾಗಿ ನೆತ್ತಿ ದಪ್ಪ, ಬುಡ ತೆಳು. ಫೀಮೇಲ್ ಮೋಲ್ಡ್ ಎನ್ನುವ ತಗ್ಗು ಅಚ್ಚಿನಲ್ಲಿ ಅಂಚು ದಪ್ಪ, ತಳದ ಮೂಲೆ ತೆಳು. ತಳಕ್ಕೆ ಪೆಟ್ಟು ಬೀಳುವ ಪಾರ್ಟಿಗೆ ಉಬ್ಬು ಅಚ್ಚು (ಅಚ್ಚಿನ ನೆತ್ತಿಯ ಮೇಲೆ ಮೂಡುವುದೇ ಪಾರ್ಟಿನ ತಳ), ಅಂಚಿನಲ್ಲಿ ಸ್ಕ್ರೂ ಹಾಕಿ ಬಿಗಿಯುವ ಪಾರ್ಟಿಗೆ ತಗ್ಗು ಅಚ್ಚು ಅನುಕೂಲ.

ಇನ್ನು ಕಾಣುವ ಮೈ. ಅಚ್ಚಿಗೆ ತಾಗಿದ ಮುಖದಲ್ಲಿ ಅಳತೆ ನಿಖರ, ಅಚ್ಚಿನ ಗೆರೆ, ಅಕ್ಷರ, ಟೆಕ್ಸ್‌ಚರ್ ಎಲ್ಲ ಮೂಡುತ್ತವೆ. ಆದರೆ ಅಚ್ಚಿನ ಮೇಲಿದ್ದ ಧೂಳಿನ ಕಣ, ಗಾಳಿ ತೂತಿನ ಗುರುತು ಕೂಡ ಮೂಡುತ್ತವೆ. ತಾಗದ ಮುಖ ನುಣುಪಾಗಿ, ಶೀಟಿನ ಮೂಲ ಹೊಳಪು ಅಥವಾ ಗ್ರೇನ್ (ಚರ್ಮದಂಥ ತರಿ ಮೈ) ಉಳಿಸಿಕೊಂಡು ಬರುತ್ತದೆ, ಆದರೆ ಅಳತೆಯನ್ನು ಅದರ ಮೇಲೆ ನಂಬಲಾಗದು. ಗ್ರೇನ್ ಇರುವ ಎಬಿಎಸ್ ಶೀಟಿನಲ್ಲಿ ವಾಹನದ ಒಳಗಿನ ಪ್ಯಾನೆಲ್ ಮಾಡುವಾಗ ಗ್ರೇನ್ ಮುಖವನ್ನು ಅಚ್ಚಿನಿಂದ ದೂರ ಇಡುವುದು ಇದಕ್ಕೇ. ಆಳವಾಗಿ ಎಳೆದ ಜಾಗದಲ್ಲಿ ಗ್ರೇನ್ ಬಿಡಿಬಿಡಿಯಾಗಿ ಮಂಕಾಗುತ್ತದೆ ಎನ್ನುವುದನ್ನು ಗ್ರಾಹಕರಿಗೆ ಮೊದಲೇ ಸ್ಯಾಂಪಲ್ ತೋರಿಸಿ ಹೇಳಿಬಿಡಬೇಕು.

ಪ್ಲಾಸ್ಟಿಕ್ ಆರುವಾಗ ಕುಗ್ಗುತ್ತದೆ. ತಗ್ಗು ಅಚ್ಚಿನಿಂದ ಅದು ದೂರ ಸರಿಯುತ್ತದೆ, ಉಬ್ಬು ಅಚ್ಚನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಅದಕ್ಕೆ ಗೋಡೆಯ ಇಳಿಜಾರು, ಅಂದರೆ ಡ್ರಾಫ್ಟ್, ತಗ್ಗು ಅಚ್ಚಿಗೆ 2 ಡಿಗ್ರಿ ಸಾಕಾದರೆ ಉಬ್ಬು ಅಚ್ಚಿಗೆ 4ರಿಂದ 5 ಡಿಗ್ರಿ ಬೇಕು. ಅಚ್ಚಿನಲ್ಲಿ ಟೆಕ್ಸ್‌ಚರ್ ಕೆತ್ತಿಸಿದ್ದರೆ ಪ್ರತಿ 0.025 ಮಿ.ಮೀ. ಆಳಕ್ಕೆ ಇನ್ನೊಂದು ಡಿಗ್ರಿ ಸೇರಿಸಿ. ಡ್ರಾಫ್ಟಿನಲ್ಲಿ ಜಿಪುಣತನ ಮಾಡಿದ ಉಬ್ಬು ಅಚ್ಚಿನಿಂದ ಪಾರ್ಟ್ ಬಿಡಿಸಲು ಸುತ್ತಿಗೆ, ಕೋಲು ಬಂದರೆ ಅಚ್ಚಿನ ಆಯುಸ್ಸು ಅಲ್ಲಿಗೆ ಮುಗಿಯಿತು.

ಒಂದೇ ಶೀಟಿನಲ್ಲಿ ನಾಲ್ಕಾರು ಉಬ್ಬು ಅಚ್ಚು ಪಕ್ಕಪಕ್ಕ ಇಡುವವರಿಗೆ ಕಾಡುವುದು ವೆಬ್ಬಿಂಗ್: ಎರಡು ಅಚ್ಚುಗಳ ನಡುವೆ, ಅಥವಾ ಒಂದೇ ಅಚ್ಚಿನ ಬುಡದ ಮೂಲೆಯಲ್ಲಿ, ಶೀಟ್ ಮಡಚಿ ನಿಲ್ಲುವ ರೆಕ್ಕೆಯಂಥ ಮಡಿಕೆ. ಅಲ್ಲಿಗೆ ಬೇಕಾದ್ದಕ್ಕಿಂತ ಹೆಚ್ಚು ಶೀಟ್ ಇಳಿದುಬಂದು, ಹೋಗಲು ಜಾಗವಿಲ್ಲದೆ ತನ್ನ ಮೇಲೆ ತಾನೇ ಬಿದ್ದಿದೆ ಎಂದರ್ಥ. ಅಚ್ಚುಗಳ ನಡುವೆ ಎತ್ತರದ ಎರಡು ಪಟ್ಟಿನಷ್ಟು ಅಂತರ ಕೊಟ್ಟರೆ ಹೆಚ್ಚಿನಂಶ ಹೋಗುತ್ತದೆ. ಅಂತರ ಕೊಡಲಾಗದಿದ್ದರೆ ನಡುವೆ ಚಿಕ್ಕ ಗುಡ್ಡದಂಥ ಮರದ ತುಂಡು ಇಟ್ಟು ಹೆಚ್ಚುವರಿ ಶೀಟನ್ನು ಅದರ ಮೇಲೆ ಎಳೆದುಕೊಳ್ಳಬೇಕು. ಶೀಟ್ ಅತಿಯಾಗಿ ಕಾದು ಜೋತುಬಿದ್ದಾಗಲೂ ವೆಬ್ ಬರುತ್ತದೆ, ಆಗ ನಡುವಿನ ಹೀಟರುಗಳನ್ನು ಮೊದಲು ಇಳಿಸಿ ನೋಡಿ.

ಆಳ ಹೆಚ್ಚಾದಾಗ: ಪ್ಲಗ್ ಅಥವಾ ಗುಳ್ಳೆ

ಆಳ ಬಾಯಿಯ ಕಿರು ಅಗಲದ ಅರ್ಧದೊಳಗಿದ್ದರೆ ಬರೀ ತಗ್ಗು ಅಚ್ಚು ಸಾಕು. ಅಗಲಕ್ಕೆ ಸಮವಾಗುತ್ತಾ ಬಂದಂತೆ ಪ್ಲಗ್ ಇಲ್ಲದೆ ಕೆಲಸ ನಡೆಯದು. ಪ್ಲಗ್ ಅಂದರೆ ಅಚ್ಚಿನ ಗುಳಿಯ ಆಕಾರದ್ದೇ ಆದ, ಸ್ವಲ್ಪ ಚಿಕ್ಕದಾದ ಒತ್ತುಗಟ್ಟಿ. ವ್ಯಾಕ್ಯೂಮ್ ಹಾಕುವ ಮೊದಲು ಅದು ಮೇಲಿನಿಂದ ಇಳಿದು ಬಿಸಿ ಶೀಟನ್ನು ತಳದ ಕಡೆ ತಳ್ಳಿಕೊಂಡು ಹೋಗುತ್ತದೆ. ಪ್ಲಗ್ ಗಾತ್ರ ಗುಳಿಯ ಗಾತ್ರದ ಶೇ. 75ರಿಂದ 85 ಇದ್ದರೆ ಒಳ್ಳೆಯ ಶುರು. ತಳ ಮುಟ್ಟುವ ಸ್ವಲ್ಪ ಮೊದಲು ಅದು ನಿಲ್ಲಬೇಕು. ತುಂಬಾ ಬೇಗ ವ್ಯಾಕ್ಯೂಮ್ ಬಿಟ್ಟರೆ ಪ್ಲಗ್ ಇದ್ದೂ ಪ್ರಯೋಜನವಿಲ್ಲ, ಶೀಟ್ ಗೋಡೆಗೆ ಹಾರಿ ಅಂಟಿಬಿಡುತ್ತದೆ. ತುಂಬಾ ತಡವಾದರೆ ಪ್ಲಗ್ಗಿಗೆ ತಾಗಿದ ತಳ ಆರಿ ದಪ್ಪವಾಗಿಯೇ ಉಳಿದು ಮೂಲೆ ಮತ್ತೆ ತೆಳುವಾಗುತ್ತದೆ.

ಪ್ಲಗ್ಗಿನ ವಸ್ತುವೂ ಮುಖ್ಯ. ತಣ್ಣನೆಯ ಅಲ್ಯೂಮಿನಿಯಂ ಪ್ಲಗ್ ಶೀಟಿನ ಶಾಖ ಹೀರಿ ಗೆರೆ ಉಳಿಸುತ್ತದೆ, ಅದನ್ನು ಬಳಸಲೇಬೇಕಾದರೆ ಒಳಗೆ ಹೀಟರ್ ಇಟ್ಟು ಕಾಯಿಸಿಡಬೇಕು. ಸಿಂಟ್ಯಾಕ್ಟಿಕ್ ಫೋಮ್, ಅಂದರೆ ಪೊಳ್ಳು ಸೂಕ್ಷ್ಮ ಗೋಲಿ ತುಂಬಿದ ರಾಳ, ಶಾಖ ಹೀರುವುದು ಕಡಿಮೆ, ನಿತ್ಯದ ಉತ್ಪಾದನೆಗೆ ಅದೇ ಮೇಲು. ಟ್ರಯಲ್‌ಗೆ ಮರದ ಪ್ಲಗ್ಗಿಗೆ ಫೆಲ್ಟ್ ಬಟ್ಟೆ ಹೊದಿಸಿದರೂ ನಡೆಯುತ್ತದೆ. ಪಾರದರ್ಶಕ ಶೀಟಿನಲ್ಲಿ ಮಾತ್ರ ಫೆಲ್ಟಿನ ಎಳೆ ಮೂಡುತ್ತದೆ.

ಉಬ್ಬು ಅಚ್ಚಿಗೆ ಇದಕ್ಕೆ ಸಮನಾದ ಉಪಾಯ ಗುಳ್ಳೆ. ಶೀಟಿನ ಕೆಳಗೆ ಸ್ವಲ್ಪ ಗಾಳಿ ಬಿಟ್ಟು ಗುಮ್ಮಟದಂತೆ ಊದಿಸಿ, ಅಚ್ಚನ್ನು ಅದರೊಳಗೆ ಎತ್ತಿ, ಆಮೇಲೆ ವ್ಯಾಕ್ಯೂಮ್ ಕೊಡುವುದು. ಅಚ್ಚು ಮುಟ್ಟುವ ಮೊದಲೇ ಶೀಟ್ ಎಲ್ಲ ಕಡೆ ಒಂದೇ ಸಮ ಹಿಗ್ಗಿರುತ್ತದೆ. ಗುಮ್ಮಟ ಒಂದು ಪಕ್ಕಕ್ಕೆ ವಾಲಿ ಊದಿದರೆ ಶೀಟ್ ಆ ಪಕ್ಕದಲ್ಲಿ ಹೆಚ್ಚು ಬಿಸಿ. ದಪ್ಪದ ದೋಷ ಕಾಣಿಸುವ ಮೊದಲೇ ಹೀಟರಿನ ದೋಷ ಹೇಳುವ ಒಳ್ಳೆಯ ಸೂಚನೆ ಅದು.

ವ್ಯಾಕ್ಯೂಮ್, ಪ್ರೆಷರ್, ಟ್ವಿನ್ ಶೀಟ್

ವ್ಯಾಕ್ಯೂಮ್ ಫಾರ್ಮಿಂಗ್‌ನಲ್ಲಿ ಶೀಟನ್ನು ಒತ್ತುವುದು ಪಂಪ್ ಅಲ್ಲ, ಹೊರಗಿನ ವಾತಾವರಣ. ಪಂಪ್ ಮಾಡುವುದು ಅಚ್ಚಿನ ಕಡೆಯ ಗಾಳಿ ತೆಗೆಯುವ ಕೆಲಸ ಮಾತ್ರ. ಎಷ್ಟೇ ದೊಡ್ಡ ಪಂಪ್ ಹಾಕಿದರೂ ಒಂದು ಬಾರ್ ದಾಟುವಂತಿಲ್ಲ. ಸಮುದ್ರ ಮಟ್ಟದಿಂದ 1,000 ಮೀಟರ್ ಮೇಲಿನ ಊರಿನಲ್ಲಿ ವಾತಾವರಣವೇ ಸುಮಾರು 0.9 ಬಾರ್, ಅಲ್ಲಿ ಸಿಗುವುದು ಅದಕ್ಕಿಂತಲೂ ಕಡಿಮೆ.

ವಿವರ ಸರಿಯಾಗಿ ಮೂಡದಿದ್ದಾಗ ಶೀಟನ್ನು ಇನ್ನಷ್ಟು ಕಾಯಿಸುವುದು ಎಲ್ಲರ ಮೊದಲ ಕೆಲಸ. ಅದಕ್ಕೆ ಮುಂಚೆ ಟ್ಯಾಂಕ್ ನೋಡಿ. ಅಚ್ಚಿನ ಪೆಟ್ಟಿಗೆ ಮತ್ತು ಪೈಪಿನೊಳಗೆ 100 ಲೀಟರ್ ಗಾಳಿ ಇದೆ, ವ್ಯಾಕ್ಯೂಮ್ ಟ್ಯಾಂಕ್ 300 ಲೀಟರಿನದು, ಅದರಲ್ಲಿ 0.05 ಬಾರ್‌ವರೆಗೆ ಗಾಳಿ ತೆಗೆದಿದೆ ಎಂದುಕೊಳ್ಳಿ. ವಾಲ್ವ್ ತೆರೆದ ಕೂಡಲೇ ಎರಡೂ ಕಡೆಯ ಗಾಳಿ ಬೆರೆತು ಒತ್ತಡ 0.29 ಬಾರ್‌ನಲ್ಲಿ ನಿಲ್ಲುತ್ತದೆ. ಶೀಟಿನ ಮೇಲೆ ಬಿದ್ದ ಬಲ 0.71 ಬಾರ್ ಮಾತ್ರ. ಉಳಿದದ್ದನ್ನು ಪಂಪ್ ಎಳೆಯುವಷ್ಟರಲ್ಲಿ ಶೀಟ್ ಆರಿಹೋಗಿರುತ್ತದೆ. ಅದೇ ಟ್ಯಾಂಕ್ 1,000 ಲೀಟರ್ ಆಗಿದ್ದರೆ ಆ ಕ್ಷಣದಲ್ಲೇ 0.86 ಬಾರ್ ಸಿಗುತ್ತದೆ. ದೊಡ್ಡ ಟ್ಯಾಂಕ್, ದಪ್ಪ ಪೈಪ್, ಕಡಿಮೆ ಎಲ್ಬೋ, ಪೂರ್ತಿ ತೆರೆಯುವ ಬಾಲ್ ವಾಲ್ವ್, ಇವು ಹೊಸ ಪಂಪಿಗಿಂತ ಹೆಚ್ಚು ಕೆಲಸ ಮಾಡುತ್ತವೆ. ಅಚ್ಚಿನ ಕೆಳಗಿನ ಪೊಳ್ಳು ಜಾಗಕ್ಕೆ ಮರದ ತುಂಡು ತುಂಬಿಸಿ ಆ 100 ಲೀಟರನ್ನು 40ಕ್ಕೆ ಇಳಿಸುವುದು ಇನ್ನೂ ಅಗ್ಗದ ದಾರಿ. ಗಾಳಿ ಹರಿಯಲು ತೂತುಗಳ ಬಾಯಿ ಮಾತ್ರ ಮುಚ್ಚಬಾರದು.

ಪ್ರೆಷರ್ ಫಾರ್ಮಿಂಗ್‌ನಲ್ಲಿ ಕೆಳಗೆ ವ್ಯಾಕ್ಯೂಮ್ ಜೊತೆಗೆ ಮೇಲಿನಿಂದ 3ರಿಂದ 6 ಬಾರ್ ಗಾಳಿಯೂ ಒತ್ತುತ್ತದೆ. ಚೂಪು ಅಂಚು, ಸಣ್ಣ ಅಕ್ಷರ, ಕೆತ್ತಿದ ಟೆಕ್ಸ್‌ಚರ್ ಮೂಡುವುದು ಇದರಲ್ಲಿ. ವೈದ್ಯಕೀಯ ಉಪಕರಣಗಳ, ಎಲೆಕ್ಟ್ರಾನಿಕ್ ಯಂತ್ರಗಳ ಹೊರಕವಚ ನೋಡಿದರೆ ಇಂಜೆಕ್ಷನ್ ಪಾರ್ಟ್ ಎಂದೇ ಅನ್ನಿಸುತ್ತದೆ. ಕಾಣುವ ಮೈ ಅಚ್ಚಿಗೆ ತಾಗಬೇಕಾದ್ದರಿಂದ ಇಲ್ಲಿ ಸಾಮಾನ್ಯವಾಗಿ ತಗ್ಗು ಅಚ್ಚು. ಖರ್ಚು ಏರುವುದು ಎಲ್ಲಿ ಎಂದರೆ ಬಲದಲ್ಲಿ. ಒಂದು ಚದರ ಮೀಟರ್ ಅಚ್ಚಿನ ಮೇಲೆ 4 ಬಾರ್ ಒತ್ತಡ ಎಂದರೆ ಮೇಲಿನ ಪೆಟ್ಟಿಗೆಯನ್ನೂ ಕೆಳಗಿನ ಅಚ್ಚನ್ನೂ ದೂರ ತಳ್ಳುವ ಬಲ 40 ಟನ್. ಮಷೀನಿನ ಲಾಕ್ ಅಷ್ಟನ್ನು ತಡೆಯಬೇಕು, ಅಚ್ಚು ಬಾಗಬಾರದು, ಸೀಲ್ ಸೋರಬಾರದು. ವ್ಯಾಕ್ಯೂಮಿಗೆ ಮಾಡಿದ ಎಂಡಿಎಫ್ (ಮರದ ನಾರಿನ ಹಲಗೆ) ಅಚ್ಚು, ವ್ಯಾಕ್ಯೂಮ್ ಮಷೀನಿನ ಸಾಧಾರಣ ಕ್ಲ್ಯಾಂಪ್ ಇಟ್ಟುಕೊಂಡು ಮೇಲೊಂದು ಪೆಟ್ಟಿಗೆ ಕೂರಿಸಿ ಗಾಳಿ ಬಿಡುವ ಪ್ರಯತ್ನವನ್ನು ಯಾರೂ ಮಾಡಬಾರದು. ಪೆಟ್ಟಿಗೆ ಹಾರಿದರೆ ಪ್ರಾಣಕ್ಕೇ ಅಪಾಯ.

ದಪ್ಪದ ಸಮಸ್ಯೆಗೆ ಪ್ರೆಷರ್ ಮದ್ದಲ್ಲ ಎಂಬುದನ್ನೂ ಹೇಳಬೇಕು. ಒತ್ತಡ ಹೆಚ್ಚಾದರೆ ಶೀಟ್ ಮೂಲೆಯ ತುದಿಯವರೆಗೂ ಹೋಗುತ್ತದೆ, ಹಾಗೆ ಹೋಗಿ ಇನ್ನೂ ತೆಳುವಾಗುತ್ತದೆ. ವಿವರಕ್ಕೆ ಪ್ರೆಷರ್, ದಪ್ಪಕ್ಕೆ ಪ್ಲಗ್. ಮೂಲೆಯ ತ್ರಿಜ್ಯ ಕನಿಷ್ಠ ಶೀಟಿನ ದಪ್ಪದಷ್ಟಾದರೂ ಇರಲಿ. ಮೂರು ಮುಖ ಸೇರುವ ತಳದ ಮೂಲೆಯಲ್ಲಿ ಅದಕ್ಕಿಂತ ಹೆಚ್ಚು ಕೊಡಿ.

ಟ್ವಿನ್ ಶೀಟ್ ಎಂದರೆ ಎರಡು ಶೀಟನ್ನು ಒಟ್ಟಿಗೆ ಕಾಯಿಸಿ, ಎರಡು ಅಚ್ಚಿನಲ್ಲಿ ಎಳೆದು, ಬಿಸಿಯಾಗಿರುವಾಗಲೇ ಅಂಚುಗಳನ್ನು ಒತ್ತಿ ಬೆಸೆಯುವುದು. ಪ್ಯಾಲೆಟ್, ಟ್ಯಾಂಕ್, ಗಾಳಿ ಕೊಳವೆಯಂಥ ಪೊಳ್ಳು ಪಾರ್ಟುಗಳಿಗೆ, ಗಟ್ಟಿತನ ಬೇಕಾದ ಬಾಗಿಲು ಪ್ಯಾನೆಲ್ಲುಗಳಿಗೆ ಇದು. ಮೇಲೊಂದು ಬಣ್ಣ, ಕೆಳಗೊಂದು ದಪ್ಪ ಬೇಕಾದರೂ ಮಾಡಬಹುದು, ಎರಡೂ ಒಂದೇ ಜಾತಿಯ ಪ್ಲಾಸ್ಟಿಕ್ ಆಗಿರಬೇಕು ಅಷ್ಟೇ. ಎಚ್‌ಡಿಪಿಇ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಇಲ್ಲಿ ಕೆಡುವುದು ಹೆಚ್ಚಾಗಿ ಬೆಸುಗೆಯೇ. ಅಚ್ಚಿಗೆ ತಾಗಿ ಅಂಚು ಆರಿದ ಮೇಲೆ ಒತ್ತಿದರೆ ಹೊರಗೆ ಬೆಸೆದಂತೆ ಕಂಡರೂ ಒಳಗೆ ಬರೀ ಅಂಟಿಕೊಂಡಿರುತ್ತದೆ. ಬೆಸುಗೆಯ ಪಟ್ಟಿಯನ್ನು ಕತ್ತರಿಸಿ ಎರಡು ಪದರದ ನಡುವೆ ಉಳಿ ಹೊಡೆದು ನೋಡಿ. ಗೆರೆಗುಂಟ ಬಿಚ್ಚಿದರೆ ಬೆಸುಗೆ ಸೋತಿದೆ, ಪ್ಲಾಸ್ಟಿಕ್ಕೇ ಹರಿದರೆ ಗೆದ್ದಿದೆ.

ಯಾವ ಪ್ಲಾಸ್ಟಿಕ್

ಗ್ರೇಡಿನಿಂದ ಗ್ರೇಡಿಗೆ ಅಂಕಿ ಬದಲಾಗುತ್ತದೆ. ಮೊದಲ ಟ್ರಯಲ್‌ಗೆ ಕೆಳಗಿನವು ಆಧಾರ. ಉಷ್ಣತೆ ಶೀಟಿನದು, ಹೀಟರಿನದ್ದಲ್ಲ.

| ಪ್ಲಾಸ್ಟಿಕ್ | ಎಳೆಯುವಾಗ ಶೀಟಿನ ಉಷ್ಣತೆ (°ಸೆ.) | ಪಾರ್ಟಿನ ಕುಗ್ಗುವಿಕೆ (ಶೇ.) |
|---|---|---|
| ಎಚ್‌ಐಪಿಎಸ್ | 140–175 | 0.4–0.7 |
| ಎಬಿಎಸ್ | 145–180 | 0.5–0.8 |
| ಪಿಇಟಿಜಿ | 120–160 | 0.3–0.6 |
| ಆಕ್ರಿಲಿಕ್ | 150–190 | 0.4–0.8 |
| ಪಾಲಿಕಾರ್ಬನೇಟ್ | 175–205 | 0.6–0.9 |
| ಎಚ್‌ಡಿಪಿಇ | 145–190 | 2–3.5 |
| ಪಿಪಿ | 150–170 | 1.5–2.2 |

ಎಚ್‌ಐಪಿಎಸ್ ಅತ್ಯಂತ ಸುಲಭ. ತೇವದ ಕಾಟ ಕಡಿಮೆ, ಒಣಗಿಸುವ ಗೋಜು ಸಾಮಾನ್ಯವಾಗಿ ಇರುವುದಿಲ್ಲ, ಬಿಸಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಸಹಿಸುತ್ತದೆ. ಪೆಟ್ಟು ತಡೆಯುವಲ್ಲಿ ಎಬಿಎಸ್ ಮೇಲು, ಹಾಗಾಗಿ ಯಂತ್ರದ ಕವರಿಗೆ ಅದೇ ಮೊದಲ ಆಯ್ಕೆ. ಆದರೆ ಬಿಸಿಲಿಗೆ ಬರೀ ಎಬಿಎಸ್ ಬಿಟ್ಟರೆ ಹಳದಿಯಾಗಿ ಪುಡಿಪುಡಿಯಾಗುತ್ತದೆ. ಹೊರಗೆ ಇರುವ ಪಾರ್ಟಾದರೆ ಮೇಲೆ ಬಿಸಿಲು ತಾಳುವ ಎಎಸ್ಎ ಅಥವಾ ಆಕ್ರಿಲಿಕ್ ಪ್ಲಾಸ್ಟಿಕ್ ಪದರವಿರುವ ಶೀಟ್ ತರಿಸಿ.

ಪಾರದರ್ಶಕ ಬೇಕೆಂದಾಗ ಪಿಇಟಿಜಿ, ಆಕ್ರಿಲಿಕ್, ಪಾಲಿಕಾರ್ಬನೇಟ್ ಮೂರರ ನಡುವೆ ಪೈಪೋಟಿ. ಪಿಇಟಿಜಿ ಕಡಿಮೆ ಬಿಸಿಯಲ್ಲಿ, ಬಹುತೇಕ ಒಣಗಿಸದೆಯೇ ಆಗುತ್ತದೆ. ಆದರೆ ಸುಮಾರು 80 °ಸೆ.ನಲ್ಲೇ ಮೆತ್ತಗಾಗುವುದರಿಂದ ಬಿಸಿಲಲ್ಲಿ ನಿಂತ ವಾಹನದೊಳಗೆ, ಲ್ಯಾಂಪಿನ ಪಕ್ಕದಲ್ಲಿ ಇಡುವ ಪಾರ್ಟಿಗೆ ಬೇಡ. ಆಕ್ರಿಲಿಕ್ ಬಿಸಿಲಿಗೆ ಜಗ್ಗುವುದಿಲ್ಲ, ಪೆಟ್ಟು ಬಿದ್ದರೆ ಒಡೆಯುತ್ತದೆ. ಅದರಲ್ಲೂ ಎರಕ ಹೊಯ್ದು ಮಾಡಿದ ಕಾಸ್ಟ್ ಶೀಟ್ ಬಿಸಿಯಲ್ಲಿ ರಬ್ಬರಿನಂತಿದ್ದು ಎಳೆಯಲು ಹೆಚ್ಚು ಬಲ ಕೇಳುತ್ತದೆ, ಕರಗಿಸಿ ಸೀಳಿನ ಮೂಲಕ ತಳ್ಳಿ ಮಾಡಿದ ಎಕ್ಸ್‌ಟ್ರೂಡೆಡ್ ಶೀಟ್ ಬೇಗ ಜೋತುಬೀಳುತ್ತದೆ, ಅಚ್ಚಿನ ವಿವರ ಚೆನ್ನಾಗಿ ಹಿಡಿಯುತ್ತದೆ.

ಪಾಲಿಕಾರ್ಬನೇಟ್ ಗಟ್ಟಿತನಕ್ಕೆ ಸಾಟಿಯಿಲ್ಲ, ಆದರೆ ತೇವದ ವಿಷಯದಲ್ಲಿ ಕ್ಷಮೆಯೂ ಇಲ್ಲ. 120ರಿಂದ 125 °ಸೆ. ಓವನ್ನಿನಲ್ಲಿ ಹಲವು ಗಂಟೆ ಒಣಗಿಸಬೇಕು, 3 ಮಿ.ಮೀ. ದಾಟಿದರೆ ರಾತ್ರಿಯಿಡೀ ಬಿಡುವುದು ಒಳ್ಳೆಯದು. ಒಂದರ ಮೇಲೊಂದು ಪೇರಿಸಿದರೆ ಒಳಗಿನ ಶೀಟ್ ಒಣಗುವುದಿಲ್ಲ, ಗಾಳಿ ಆಡುವಂತೆ ಬಿಡಿಬಿಡಿಯಾಗಿ ನೇತುಹಾಕಿ. ಕವರ್ ಫಿಲ್ಮ್ ಮೊದಲೇ ತೆಗೆಯಿರಿ. ಓವನ್ನಿನಿಂದ ತೆಗೆದದ್ದು ನೇರ ಮಷೀನಿಗೆ ಹೋಗಬೇಕು. ಹೊರಗೆ ಬಿಟ್ಟರೆ ಕೆಲವೇ ಗಂಟೆಯಲ್ಲಿ ಮತ್ತೆ ತೇವ ಹೀರಿಕೊಳ್ಳುತ್ತದೆ.

ಕಾಯಿಸಿದ ಶೀಟಿನಲ್ಲಿ ಗುಳ್ಳೆ ಬಂದಾಗ ಕಾರಣ ತೇವವೋ ಅತಿ ಬಿಸಿಯೋ ಎಂದು ತಿಳಿಯುವುದು ಹೇಗೆ? ಶೀಟಿನ ತುಂಬ ಒಂದೇ ಸಮ ಸಣ್ಣ ಗುಳ್ಳೆ ಎದ್ದರೆ ತೇವ. ಒಂದೆರಡು ಹೀಟರಿನ ಕೆಳಗೆ ಮಾತ್ರ ಎದ್ದರೆ ಬಿಸಿ. ಅನುಮಾನ ಉಳಿದರೆ ಅದೇ ಬಂಡಲಿನ ಒಂದು ಶೀಟನ್ನು ಒಣಗಿಸಿ, ಇನ್ನೊಂದನ್ನು ಹಾಗೆಯೇ, ಒಂದೇ ಸೆಟ್ಟಿಂಗಿನಲ್ಲಿ ಓಡಿಸಿ ನೋಡಿ.

ಎಚ್‌ಡಿಪಿಇ ಮತ್ತು ಪಿಪಿ ಬೇರೆಯೇ ಲೋಕ. ಇವು ಅರೆಹರಳು ರಚನೆಯವು. ಎಬಿಎಸ್‌ನಂತೆ ನಿಧಾನವಾಗಿ ಮೆತ್ತಗಾಗುವುದಿಲ್ಲ. ಪಿಪಿ ಅಂತೂ ಸುಮಾರು 165 °ಸೆ.ವರೆಗೆ ಗಟ್ಟಿಯಾಗಿದ್ದು, ಕೆಲವು ಡಿಗ್ರಿ ದಾಟಿದ ಕೂಡಲೇ ಜೋತು ಕೆಳಗೆ ಬೀಳುತ್ತದೆ. ಆ ಕಿರಿದಾದ ಅಂತರದಲ್ಲಿ ಹಿಡಿಯಲು ಕ್ಷೇತ್ರವಾರು ನಿಯಂತ್ರಣವಿರುವ ಹೀಟರ್, ಜೋತುಬಿದ್ದದ್ದನ್ನು ಗುರುತಿಸುವ ಫೋಟೋ ಸೆನ್ಸರ್, ಕೆಳಗಿನಿಂದ ಆಧರಿಸುವ ಗಾಳಿ ಇದ್ದರೆ ಮಾತ್ರ ದೊಡ್ಡ ಪಿಪಿ ಪಾರ್ಟಿಗೆ ಕೈಹಾಕಿ.

ಕುಗ್ಗುವಿಕೆಯ ಅಂಕಣವನ್ನು ಇನ್ನೊಮ್ಮೆ ನೋಡಿ. ಒಂದು ಮೀಟರ್ ಉದ್ದದ ಪಾರ್ಟ್ ಎಬಿಎಸ್‌ನಲ್ಲಿ ಸುಮಾರು 6 ಮಿ.ಮೀ. ಕುಗ್ಗುತ್ತದೆ, ಎಚ್‌ಡಿಪಿಇಯಲ್ಲಿ 20ರಿಂದ 35 ಮಿ.ಮೀ. ಎಬಿಎಸ್‌ಗೆ ಮಾಡಿದ ಅಚ್ಚಿನಲ್ಲಿ ಎಚ್‌ಡಿಪಿಇ ಎಳೆದರೆ ಪಾರ್ಟ್ ಬರುತ್ತದೆ, ಜೋಡಣೆಯಲ್ಲಿ ಕೂರುವುದಿಲ್ಲ. ಪ್ಲಾಸ್ಟಿಕ್ ಖಚಿತವಾಗುವ ಮೊದಲು ಉತ್ಪಾದನೆಯ ಅಚ್ಚಿಗೆ ಆರ್ಡರ್ ಕೊಡಬೇಡಿ ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ಹೀಟರ್

ಪ್ಲಾಸ್ಟಿಕ್ ಅತಿ ಚೆನ್ನಾಗಿ ಹೀರುವ ಇನ್‌ಫ್ರಾರೆಡ್ 3.4 ಮೈಕ್ರಾನ್ ಆಸುಪಾಸಿನದು. ಸುಮಾರು 600 °ಸೆ.ಗೆ ಕಾದ ಸೆರಾಮಿಕ್ ಹೀಟರ್ ಅತಿ ಹೆಚ್ಚು ಹೊರಸೂಸುವುದು ಅದೇ ಅಲೆಯುದ್ದದ ಆಸುಪಾಸಿನಲ್ಲಿ. ಗಟ್ಟಿಮುಟ್ಟು, ಸಮಾಧಾನಿ, ಆದರೆ ಕಾಯಲು ಹತ್ತು ನಿಮಿಷಕ್ಕೂ ಹೆಚ್ಚು ಬೇಕು, ಆದ್ದರಿಂದ ದಿನವಿಡೀ ಉರಿಯುತ್ತಲೇ ಇರಬೇಕು. ಕ್ವಾರ್ಟ್ಜ್ ಒಂದೆರಡು ನಿಮಿಷದಲ್ಲಿ, ಹ್ಯಾಲೊಜನ್ ಕೆಲವೇ ಸೆಕೆಂಡಿನಲ್ಲಿ ಸಿದ್ಧ, ಬೇಡದಾಗ ಆರಿಸಿಬಿಡಬಹುದು. ಒಂದೇ ಪಾರ್ಟನ್ನು ದಿನಪೂರ್ತಿ ಓಡಿಸುವಲ್ಲಿ ಸೆರಾಮಿಕ್, ದಿನಕ್ಕೆ ನಾಲ್ಕು ಅಚ್ಚು ಬದಲಿಸುವಲ್ಲಿ ಕ್ವಾರ್ಟ್ಜ್ ಎಂಬುದು ನಮ್ಮ ಸಲಹೆ.

ಪ್ಲಾಸ್ಟಿಕ್ ಶಾಖವನ್ನು ಒಳಕ್ಕೆ ಬಿಡುವುದು ಬಲು ನಿಧಾನ. ದಪ್ಪ ಎರಡರಷ್ಟಾದರೆ ನಡುವಿನವರೆಗೆ ಬಿಸಿ ತಲುಪಲು ನಾಲ್ಕು ಪಟ್ಟು ಹೊತ್ತು ಬೇಕಾದೀತು. 3 ಮಿ.ಮೀ. ಮೇಲಿನ ಶೀಟಿಗೆ ಎರಡೂ ಕಡೆ ಹೀಟರ್ ಇರಲೇಬೇಕು. ಒಂದೇ ಕಡೆ ಜೋರಾಗಿ ಕಾಯಿಸಿದರೆ ಮೇಲ್ಮೈ ಸುಟ್ಟು, ನಡು ಹಸಿಯಾಗಿರುತ್ತದೆ. ಪಾರ್ಟ್ ಆಕಾರ ತಾಳಿದಂತೆ ಕಂಡರೂ ನಡುವಿನ ಪದರ ಹಳೆಯ ಚಪ್ಪಟೆ ರೂಪಕ್ಕೆ ಮರಳಲು ಎಳೆಯುತ್ತಲೇ ಇರುತ್ತದೆ, ವಾರ ಕಳೆದ ಮೇಲೆ ತಿರುಚಿಕೊಳ್ಳುತ್ತದೆ. ಹೀಟರ್ ಇಳಿಸಿ, ಹೊತ್ತು ಹೆಚ್ಚಿಸಿ.

ಅಚ್ಚು ಯಾವುದರಲ್ಲಿ

ಮರ ಅಥವಾ ಎಂಡಿಎಫ್ ಅಚ್ಚು ಟ್ರಯಲ್‌ಗೆ, ಕೆಲವು ಹತ್ತು ಪಾರ್ಟಿಗೆ. ಮರ ಶಾಖವನ್ನು ಹೊರಬಿಡದ ಕಾರಣ ಹತ್ತಾರು ಎಳೆತದ ನಂತರ ಅಚ್ಚೇ ಕಾದು, ಪಾರ್ಟ್ ಆರಲು ಹಿಡಿಯುವ ಹೊತ್ತು ಏರುತ್ತಾ ಹೋಗುತ್ತದೆ. ಮೊದಲ ಪಾರ್ಟಿನ ಅಳತೆಯೂ ಮೂವತ್ತನೆಯದರ ಅಳತೆಯೂ ಒಂದೇ ಇರುವುದಿಲ್ಲ. ಎಪಾಕ್ಸಿ ಅಥವಾ ಟೂಲಿಂಗ್ ಬೋರ್ಡ್ ನೂರಾರು ಪಾರ್ಟಿಗೆ ಬರುತ್ತದೆ, ಬಿಸಿಯ ಸಮಸ್ಯೆ ಮಾತ್ರ ಅದೇ. ಸಾವಿರಗಳ ಮಾತಾದರೆ ನೀರಿನ ಕೊಳವೆ ಒಳಗಿಟ್ಟು ಎರಕ ಹೊಯ್ದ ಅಲ್ಯೂಮಿನಿಯಂ. ಪ್ರೆಷರ್ ಫಾರ್ಮಿಂಗ್‌ಗೆ ಸಿಎನ್‌ಸಿಯಲ್ಲಿ ಕಡೆದ ಅಲ್ಯೂಮಿನಿಯಂ. ಅಚ್ಚು ತಣ್ಣಗಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ತಪ್ಪು. ಎಬಿಎಸ್‌ಗೆ ಅಚ್ಚು 70ರಿಂದ 85 °ಸೆ. ಇದ್ದರೆ ಚೆನ್ನ, ಅದಕ್ಕಿಂತ ತಣ್ಣಗಿದ್ದರೆ ಶೀಟ್ ತಾಗಿದಲ್ಲೇ ಆರಿ ಅಲೆಯಂಥ ಗೆರೆಗಳು ಉಳಿಯುತ್ತವೆ.

ಗಾಳಿ ತೂತು 0.5ರಿಂದ 1 ಮಿ.ಮೀ., ಎಚ್‌ಡಿಪಿಇಗೆ ಇನ್ನೂ ಸಣ್ಣದು, ಇಲ್ಲವಾದರೆ ತೂತಿನೊಳಗೆ ಪ್ಲಾಸ್ಟಿಕ್ ಮೊಳೆಯಂತೆ ಎಳೆದುಕೊಳ್ಳುತ್ತದೆ. ಹಿಂದಿನಿಂದ 5 ಮಿ.ಮೀ. ಡ್ರಿಲ್ಲಿನಲ್ಲಿ ಕೊರೆದುಬಂದು ಕೊನೆಯ ಕೆಲವು ಮಿ.ಮೀ. ಮಾತ್ರ ಸಣ್ಣ ತೂತು ಬಿಟ್ಟರೆ ಗಾಳಿ ಸಲೀಸಾಗಿ ಹೋಗುತ್ತದೆ. ತೂತು ಇರಬೇಕಾದದ್ದು ಶೀಟ್ ಕೊನೆಗೆ ಮುಟ್ಟುವಲ್ಲಿ: ಒಳಮೂಲೆ, ಅಕ್ಷರದ ತಗ್ಗು, ಬುಡದ ಸುತ್ತ.

ಅಂಚು ಕತ್ತರಿಸುವುದು

ತೆಳು ಶೀಟಿನ ಪಾರ್ಟಿಗೆ ಬ್ಲೇಡಿನಂಥ ಉಕ್ಕಿನ ಪಟ್ಟಿ ಕೂರಿಸಿದ ಸ್ಟೀಲ್ ರೂಲ್ ಡೈ, ಕಡಿಮೆ ಸಂಖ್ಯೆಯ ದಪ್ಪ ಪಾರ್ಟಿಗೆ ಜಿಗ್ ಜೊತೆ ಹ್ಯಾಂಡ್ ರೂಟರ್, ಪಕ್ಕದ ಗೋಡೆಯಲ್ಲೂ ತೂತು ಬೇಕಿದ್ದರೆ 5 ಆಕ್ಸಿಸ್ ಸಿಎನ್‌ಸಿ. ಇಷ್ಟು ಸರಳ. ಎಡವುವುದು ಹೊತ್ತಿನಲ್ಲಿ. ಎಚ್‌ಡಿಪಿಇ ಅಚ್ಚಿನಿಂದ ಹೊರಬಂದ ಮೇಲೂ ಒಂದು ದಿನದವರೆಗೆ ಕುಗ್ಗುತ್ತಿರುತ್ತದೆ. ಒಂದು ಬ್ಯಾಚನ್ನು ಎರಡು ಗಂಟೆಯಾದ ಮೇಲೆ, ಇನ್ನೊಂದನ್ನು ಮರುದಿನ ಕತ್ತರಿಸಿದರೆ ಅಳತೆ ಬೇರೆಬೇರೆ. ಕತ್ತರಿಸುವ ಕೋಣೆ 10 °ಸೆ. ಹೆಚ್ಚು ಬಿಸಿಯಿದ್ದರೂ ಒಂದು ಮೀಟರ್ ಎಬಿಎಸ್ ಸುಮಾರು 0.8 ಮಿ.ಮೀ. ಉದ್ದವಾಗುತ್ತದೆ, ಎಚ್‌ಡಿಪಿಇ ಅದರ ಎರಡರಷ್ಟು.

ಥರ್ಮೋಫಾರ್ಮಿಂಗ್ ಬೇಡವಾದಾಗ

ಒಳಗೆ ರಿಬ್ (ಬಲ ಕೊಡುವ ಏಣು), ಸ್ಕ್ರೂ ಬಾಸ್ (ಸ್ಕ್ರೂ ಕೂರುವ ಗೂಟ), ಕ್ಲಿಪ್ ಬೇಕೇ ಬೇಕು, ಗೋಡೆ ಎಲ್ಲ ಕಡೆ ಒಂದೇ ದಪ್ಪ ಇರಬೇಕು, ಪಾರ್ಟ್ ಚಿಕ್ಕದು, ಸಂಖ್ಯೆ ಹತ್ತಾರು ಸಾವಿರ: ಇಂಜೆಕ್ಷನ್‌ಗೆ ಹೋಗಿ. ಪೂರ್ತಿ ಮುಚ್ಚಿದ ದೊಡ್ಡ ಟ್ಯಾಂಕ್, ಸಂಖ್ಯೆ ಕಡಿಮೆ: ಅಚ್ಚನ್ನು ತಿರುಗಿಸುತ್ತಾ ಕಾಯಿಸುವ ರೊಟೇಷನಲ್ ಮೋಲ್ಡಿಂಗ್. ದೊಡ್ಡ ಪ್ಯಾನೆಲ್, ವರ್ಷಕ್ಕೆ ಕೆಲವು ನೂರರಿಂದ ಕೆಲವು ಸಾವಿರ, ಡಿಸೈನ್ ಆಗಾಗ ಬದಲಾಗುವುದು: ಇಲ್ಲಿ ಥರ್ಮೋಫಾರ್ಮಿಂಗ್ ಎದುರು ನಿಲ್ಲುವುದು ಕಷ್ಟ.

ಒಪ್ಪುವ ಮೊದಲ ಪಾರ್ಟ್

ಎರಡು ಟ್ರಯಲ್ ಮಾಡಿಸದೆ ಯಾವ ಆಯ್ಕೆಗೂ ಒಪ್ಪಿಗೆ ಕೊಡಬೇಡಿ. ಒಂದು, ಬಂದ ಶೀಟಿನಿಂದ 250 ಮಿ.ಮೀ. ಚೌಕ ಕತ್ತರಿಸಿ, ಉದ್ದ ಯಾವುದು ಅಡ್ಡ ಯಾವುದು ಎಂದು ಗುರುತು ಹಾಕಿ, ಅಂಟದಂತೆ ಪುಡಿ ಉದುರಿಸಿದ ತಟ್ಟೆಯ ಮೇಲಿಟ್ಟು ಎಳೆಯುವ ಉಷ್ಣತೆಯ ಓವನ್ನಿನಲ್ಲಿ ಪೂರ್ತಿ ಮೆತ್ತಗಾಗಲು ಬಿಟ್ಟು, ಆರಿದ ಮೇಲೆ ಅಳೆಯಿರಿ. ಎಕ್ಸ್‌ಟ್ರೂಡ್ ಮಾಡುವಾಗ ಹೆಚ್ಚು ಎಳೆದ ಶೀಟ್ ಉದ್ದದಲ್ಲಿ ಬಹಳ ಕುಗ್ಗಿ ಅಡ್ಡದಲ್ಲಿ ಹಾಗೇ ಉಳಿಯುತ್ತದೆ. ಅಂಥದ್ದು ಕ್ಲ್ಯಾಂಪಿನಿಂದ ಕಿತ್ತು ಬರುತ್ತದೆ, ಪಾರ್ಟ್ ತಿರುಚುತ್ತದೆ. ಎಷ್ಟು ಸೆಟ್ಟಿಂಗ್ ಬದಲಿಸಿದರೂ ಫಲವಿಲ್ಲ, ಬಂಡಲನ್ನೇ ವಾಪಸು ಕಳಿಸಬೇಕು.

ಎರಡು, ಶೀಟಿನ ಮೇಲೆ ಮಾರ್ಕರಿನಿಂದ 10 ಮಿ.ಮೀ. ಚೌಕಗಳ ಜಾಲ ಬರೆದು ಪಾರ್ಟ್ ಎಳೆಯಿರಿ. ಚೌಕ ಹಾಗೇ ಉಳಿದಲ್ಲಿ ಶೀಟ್ ಹಿಗ್ಗಿಲ್ಲ. 20 × 20 ಆದಲ್ಲಿ ದಪ್ಪ ಕಾಲು ಭಾಗಕ್ಕಿಳಿದಿದೆ. ಒಂದು ದಿಕ್ಕಿಗೆ ಮಾತ್ರ ಉದ್ದವಾದಲ್ಲಿ ಪ್ಲಗ್ಗಿನ ಮೂಲೆ ಎಳೆದಿದೆ. ಅತಿ ದೊಡ್ಡ ಚೌಕ ಕಂಡ ಮೂಲೆಯನ್ನು ಕತ್ತರಿಸಿ ಮೈಕ್ರೋಮೀಟರಿನಲ್ಲಿ ಅಳೆಯಿರಿ, ಆ ಮೂಲೆಗೆ ಸಾಕೆಂದು ಮೊದಲು ಬರೆದಿಟ್ಟುಕೊಂಡ ದಪ್ಪದ ಅಂಕಿಯ ಪಕ್ಕದಲ್ಲಿ ಇದನ್ನು ಬರೆಯಿರಿ, ಕತ್ತರಿಸಿದ ತುಂಡನ್ನು ಆ ಅಚ್ಚಿನ ಜೊತೆಗೇ ಕಟ್ಟಿಡಿ.